ಕಣಜದ ಗೂಡಿನ ಕೆಳಗೆ ಹೇಳಿದ ಸುಳ್ಳು

ಬೆಳಗಾವಿಯ ಒಂದು ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಎರಡನೆಯ ವರ್ಷದವರಿಗೆ ಸಂತಾನೋತ್ಪತ್ತಿಯ ಪಾಠ ನನ್ನ ಪಾಲಿನದು. ಹಿಂದಿನ ಬೆಂಚಿನ ಹುಡುಗರು ಎಲ್ಲಿ ಮುಸಿಮುಸಿ ನಗುತ್ತಾರೆ, ಹುಡುಗಿಯರು ಎಲ್ಲಿ ತಲೆ ತಗ್ಗಿಸಿ ಬರೆಯತೊಡಗುತ್ತಾರೆ ಎಂಬುದೆಲ್ಲ ನನಗೆ ಬಾಯಿಪಾಠ. ಅಂಡಾಶಯದ ಚಿತ್ರವನ್ನು ಪುಸ್ತಕ ನೋಡದೆ ಹಲಗೆಯ ಮೇಲೆ ಬರೆಯುತ್ತಿದ್ದೆ. ಯಾವ ಸಂಕೋಚವೂ ಇರಲಿಲ್ಲ. ಸಂಕೋಚ ಶುರುವಾದದ್ದು ನನ್ನದೇ ಅಂಡಾಶಯವನ್ನು ಡಾಕ್ಟರರ ಪರದೆಯ ಮೇಲೆ ನೋಡಬೇಕಾಗಿ ಬಂದಾಗಿನಿಂದ.

ಮದುವೆಯಾಗಿ ಬಹಳ ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ಖಾಸಬಾಗದ ನಮ್ಮ ಮನೆಯಲ್ಲಿ ಯಾರೂ ಆ ವಿಷಯ ಎತ್ತುತ್ತಿರಲಿಲ್ಲ. ಅತ್ತೆ ಒಳ್ಳೆಯವರು, ಅವರು ಕೇಳದೆ ಸುಮ್ಮನಿರುವುದೇ ನನಗೆ ದಿನಾ ಕೇಳಿದಂತೆ ಆಗುತ್ತಿತ್ತು. ನಲವತ್ತು ಹತ್ತಿರ ಬಂದಾಗ ನಮ್ಮವರೂ ನಾನೂ ಮನೆಯಲ್ಲಿ ಯಾರಿಗೂ ಹೇಳದೆ ಊರಿನ ಇನ್ನೊಂದು ತುದಿಯ ದವಾಖಾನೆಗೆ ಹೋಗತೊಡಗಿದೆವು. ಅಲ್ಲಿ ನಾನು ಓಢಣಿಯನ್ನು ಕಣ್ಣಿನ ತನಕ ಸುತ್ತಿಕೊಂಡು ಕೂರುತ್ತಿದ್ದೆ. ಧೂಳಿಗೆ ಹೆದರಿದವಳ ಹಾಗೆ.

ಒಮ್ಮೆ ಎದುರಿನ ಬೆಂಚಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು ಕೂತಳು. ಕಣ್ಣು ನೋಡಿಯೇ ಗುರುತು ಹಿಡಿದಳು.

"ಮೇಡಂ! ನೀವ ಇಲ್ಲೆ?"

"ನಮ್ಮ ನಾದಿನಿ ಒಳಗ ಅದಾಳ. ಅಕೀ ಜೋಡಿ ಬಂದೀನಿ," ಎಂದೆ.

ಹೇಳಿ ಉಸಿರು ಬಿಡುವಷ್ಟರಲ್ಲಿ ನರ್ಸು ಬಾಗಿಲಲ್ಲಿ ನಿಂತು ನನ್ನ ಹೆಸರನ್ನೂ ನಮ್ಮವರ ಹೆಸರನ್ನೂ ಜೋಡಿಸಿ ಕೂಗಿದಳು. ಆ ಹುಡುಗಿ ತಟ್ಟನೆ ಮೊಬೈಲು ತೆಗೆದು ಅದರಲ್ಲಿ ಮುಖ ಹುದುಗಿಸಿದಳು. ನನ್ನ ಮಾನ ಉಳಿಸಲು ಅವಳು ಹಾಗೆ ಮಾಡಿದ್ದು ನೋಡಿ ನನಗೆ ಇನ್ನಷ್ಟು ನಾಚಿಕೆಯಾಯಿತು.

ಅದೇ ಕಾಲದಲ್ಲಿ ನಾನು ಪಿಎಚ್.ಡಿ.ಗೆ ಕಣಜಗಳ ಮೇಲೆ ಕೆಲಸ ಮಾಡುತ್ತಿದ್ದೆ. ಮಾಡಿನ ಅಂಚಿಗೆ, ಕಿಟಕಿಯ ಮೇಲೆ ಕಾಗದದಂಥ ಗೂಡು ಕಟ್ಟುವ ಕಂದು ಕಣಜ, ಎಲ್ಲರೂ ನೋಡಿರುವಂಥದ್ದೇ. ಒಂದು ಗೂಡಿನಲ್ಲಿ ಹತ್ತಾರು ಹೆಣ್ಣುಗಳಿರುತ್ತವೆ, ಮೊಟ್ಟೆ ಇಡುವುದು ಮಾತ್ರ ಒಬ್ಬಳೇ. ಉಳಿದವರು ಅವಳ ಮಕ್ಕಳನ್ನು ಸಾಕುತ್ತಾರೆ. ನಮ್ಮ ಹಳೆಯ ಪಠ್ಯದಲ್ಲಿ ಅವರನ್ನು 'ಬಂಜೆ ಕೆಲಸಗಾರರು' ಎಂದು ಬರೆದಿತ್ತು. ನಾನೂ ವರ್ಷಗಟ್ಟಲೆ ಹಾಗೆಯೇ ಪಾಠ ಹೇಳಿದ್ದೆ. ಆಮೇಲೆ ಆ ಶಬ್ದದ ಹತ್ತಿರ ಬಂದಾಗಲೆಲ್ಲ ಕೆಮ್ಮು ಬಂದವಳಂತೆ ನಟಿಸಿ ಮುಂದಿನ ಸಾಲಿಗೆ ಹಾರುತ್ತಿದ್ದೆ.

ಆ ಶಬ್ದ ಈ ಕಣಜಗಳ ಮಟ್ಟಿಗೆ ಸುಳ್ಳು ಕೂಡ. ಅವರು ಬಂಜೆಯರಲ್ಲ. ರಾಣಿ ಇರುವವರೆಗೆ ಅವರ ಅಂಡಾಶಯ ಸುಮ್ಮನಿರುತ್ತದೆ, ಅಷ್ಟೆ. ರಾಣಿಯೂ ಯಾರನ್ನೂ ಕಚ್ಚಿ, ಬೆದರಿಸಿ ಆಳುವುದಿಲ್ಲ. ಗೂಡಿನಲ್ಲಿ ಅವಳಷ್ಟು ಸೌಮ್ಯ ಇನ್ನೊಬ್ಬಳಿರುವುದಿಲ್ಲ. ಗುರುತಿಲ್ಲದಿದ್ದರೆ ಯಾರೋ ಸೋಮಾರಿ ಎಂದುಕೊಳ್ಳಬೇಕು. ಆಗಾಗ ಎದ್ದು ಗೂಡಿನ ಮೈಮೇಲೆ ತನ್ನ ಹೊಟ್ಟೆಯ ತುದಿಯನ್ನು ಒರೆಸುತ್ತಾ ನಡೆಯುತ್ತಾಳೆ. ಕೊಂಡಿಯ ಬುಡದ ಒಂದು ಪುಟ್ಟ ಗ್ರಂಥಿಯ ರಸ ಹಾಗೆ ಗೂಡಿಗೆಲ್ಲ ಹತ್ತುತ್ತದೆ. ಅದರ ವಾಸನೆ ಇರುವಷ್ಟು ಹೊತ್ತು, ರಾಣಿ ಇದ್ದಾಳೆ ಎಂದು ಎಲ್ಲರಿಗೂ ಗೊತ್ತು. ಅವಳನ್ನು ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಉಳಿದವರಲ್ಲಿ ಒಬ್ಬಳು ಮೈಮೇಲೆ ಬಂದವಳಂತಾಗಿ ಎಲ್ಲರ ಮೇಲೂ ಎರಗುತ್ತಾಳೆ. ಮುಂದಿನ ರಾಣಿ ಅವಳೇ. ಬೇರೆ ರಾಣಿಯ ಗ್ರಂಥಿಯ ರಸವನ್ನು ಗೂಡಿಗೆ ಹಚ್ಚಿದರೆ ಅವಳು ತಣ್ಣಗಾಗುತ್ತಾಳೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು.

ಬೆಳಗಾವಿಯಲ್ಲಿ ಕಣಜದ ಗೂಡು ಕಂಡವರು ಸುಟ್ಟು ಹಾಕುತ್ತಾರೆ. ನಾನು ಗುರುತು ಹಚ್ಚಿದ ಎರಡು ಗೂಡುಗಳನ್ನು ಕಾಲೇಜಿನವರೇ ಸುಟ್ಟರು. ಆಗ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಖಾನಾಪುರದಲ್ಲಿದ್ದ ತಮ್ಮ ದೂರದ ಸಂಬಂಧಿಕರ ಮನೆ ತೋರಿಸಿಕೊಟ್ಟರು. ಹೆಂಚಿನ ಮನೆ, ಹಿಂದೆ ಉದ್ದನೆಯ ಪಡಸಾಲೆ, ಅದರ ಜಂತಿಗೆ ಒಂದಲ್ಲ ಮೂರು ಗೂಡು. ಶನಿವಾರ ಮಧ್ಯಾಹ್ನ ಕ್ಲಾಸು ಮುಗಿಸಿ ರೈಲು ಹತ್ತಿ ಹೋಗುತ್ತಿದ್ದೆ. ರಾತ್ರಿ ಅವರ ಮುಂದಿನ ಕೋಣೆಯಲ್ಲಿ ಮಲಗಿ ಭಾನುವಾರ ಸಂಜೆ ಮರಳುತ್ತಿದ್ದೆ.

ಆ ಮನೆಯಲ್ಲಿ ಮೂವರಿದ್ದರು. ಯಜಮಾನಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಎಪ್ಪತ್ತರ ಸುಮಾರಿನ ವಿಧವೆ, ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಅವರ ಮಗ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ, ಮನೆಯಲ್ಲಿ ಕಾಣುತ್ತಿದ್ದದ್ದು ಕಡಿಮೆ. ಸೊಸೆ ಮೂವತ್ತರ ಒಳಗಿನ ಹುಡುಗಿ. ಎರಡನೆಯ ದಿನವೇ ನನ್ನನ್ನು ಅಕ್ಕಾ ಎನ್ನತೊಡಗಿದಳು. ಆಯಿಗೆ ಮಾತ್ರ ನಾನು ಕೊನೆಯವರೆಗೂ ಬಾಯಾರು, ಅಂದರೆ ಸಾಲಿ ಕಲಿಸುವಾಕಿ.

ನಾನು ಸ್ಟೂಲಿನ ಮೇಲೆ ಕೂತು ಕಣಜಗಳ ಬೆನ್ನಿಗೆ ಬಣ್ಣದ ಚುಕ್ಕೆ ಇಡುವುದನ್ನು ಆಯಿ ಮೊದಮೊದಲು ದೂರದಿಂದಲೇ ನೋಡಿದರು. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಕಣಜಕ್ಕೆ ಅವರದು ಮರಾಠಿ ಹೆಸರು.

"ಈ ಗಾಂಧಿಲ್‌ಮಾಶಿ ಕಡಿಯಾಂಗಿಲ್ಲೇನ್ರಿ ಬಾಯಾರ?"

"ಕಡೀತಾವ್ರಿ ಆಯಿ. ರೂಢಿ ಆಗೇತಿ."

"ರಾಣಿ ಯಾವಾಕಿ?"

"ಅಕಾ ನೋಡ್ರಿ, ಬಿಳೀ ಚುಕ್ಕಿ. ಮೂಲ್ಯಾಗ ಸುಮ್ಮ ಕುಂತಾಳಲ್ಲ, ಅಕಿ."

"ಅಗ ಬಾಯಿ! ಇಷ್ಟು ಬಡವಿನಾ ರಾಣಿ?" ಎಂದು ಆಯಿ ನಕ್ಕರು. ಆಮೇಲೆ ಬಂದವರಿಗೆಲ್ಲ ತಾವೇ ಬೆರಳು ಮಾಡಿ ತೋರಿಸುತ್ತಿದ್ದರು.

ದವಾಖಾನೆಯವರು ನನಗೆ ಮೊದಲ ಸಲ ಸೂಜಿ ಕೊಟ್ಟಾಗ ತೊಂದರೆ ಶುರುವಾಯಿತು. ಮೊಟ್ಟೆ ಬಲಿಯಲು ದಿನಾ ಸಂಜೆ ಒಂದೇ ಹೊತ್ತಿಗೆ ಹೊಟ್ಟೆಗೆ ಚುಚ್ಚಿಕೊಳ್ಳುವ ಹಾರ್ಮೋನು, ನೋಡಲು ಬರೆಯುವ ಪೆನ್ನಿನ ಹಾಗೆ ಇರುತ್ತದೆ. ತಂಪಿನಲ್ಲಿ ಇಡಬೇಕು. ಶನಿವಾರ ಅದನ್ನು ಕಣಜದ ರಸದ ಸೀಸೆಗಳ ಜೊತೆ ಐಸ್ ಪೆಟ್ಟಿಗೆಯಲ್ಲಿಯೇ ಹಾಕಿಕೊಂಡು ಹೋದೆ. ಅವರ ಫ್ರಿಜ್ಜಿನಲ್ಲಿ ಇಡುವಾಗ ಸೊಸೆ ನೋಡಿದಳು.

"ಇದ ಆಯೀದು ಇದ್ದಂಗ ಐತಲ್ಲ ಅಕ್ಕಾ? ನಿಮಗೂ ಶುಗರ್ ಐತೇನು?"

ಎಷ್ಟು ಸಲೀಸಾದ ದಾರಿ! ಹೌದೆಂದೆ.

ಆಯಿಗೆ ಅದು ಖುಷಿ ಕೊಟ್ಟಿತೆಂದೇ ಹೇಳಬೇಕು. ಸಂಜೆ ನಾನು ಕೋಣೆಯ ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ತಮ್ಮ ಇನ್ಸುಲಿನ್ ಪೆನ್ನು ಹಿಡಿದು ಒಳಗೆ ಬಂದರು. "ನಾಚ್ಕೋಬ್ಯಾಡ್ರಿ. ಇಬ್ರೂ ಕೂಡೇ ತಗೋಳೂಣು. ಒಬ್ಬಾಕೀನ ಚುಚ್ಚಿಕೊಳ್ಳಾಕ ನನಗೂ ಬ್ಯಾಸರ." ಮಂಚದ ಮೇಲೆ ನನ್ನ ಬಾಜು ಕೂತು ಸೀರೆ ಸರಿಸಿದರು. ಇಬ್ಬರೂ ಚುಚ್ಚಿಕೊಂಡೆವು. "ಸಕ್ರಿ ಬ್ಯಾನಿ ಇಷ್ಟು ಸಣ್ಣ ವಯಸ್ಸಿನ್ಯಾಗ ಬಂತಲ್ಲ ನಿಮಗ," ಎಂದು ನನ್ನ ಬೆನ್ನು ಸವರಿದರು. ನಾನು ಗೋಡೆ ನೋಡುತ್ತಿದ್ದೆ.

ಮರುದಿನದಿಂದ ನನಗೆ ಹಾಗಲಕಾಯಿ ರಸ ಶುರುವಾಯಿತು. ಹೋದಾಗಲೆಲ್ಲ ದೊಡ್ಡ ಲೋಟದ ತುಂಬ, ಎದುರಿಗೆ ನಿಂತು ಕುಡಿಸುತ್ತಿದ್ದರು. ಹಬ್ಬದ ಹೋಳಿಗೆಯ ದಿನ ನನಗೆ ಮತ್ತು ತಮಗೆ ಮಾತ್ರ ಜೋಳದ ರೊಟ್ಟಿ ಮಾಡಿಸಿದರು. ಮೊದಲನೆಯ ಪ್ರಯತ್ನ ವಿಫಲವಾಗಿ ಸೂಜಿ ನಿಂತಾಗ, "ಪೆನ್ನ ಎಲ್ಲೈತ್ರಿ?" ಎಂದು ಕೇಳಿದರು. ಈಗ ಗುಳಿಗೆ ಕೊಟ್ಟಾರ್ರಿ ಎಂದೆ. "ಹಾಗಲಕಾಯಿ ಕೆಲಸ ಮಾಡೇತಿ," ಎಂದು ಓಣಿಗೆಲ್ಲ ಹೇಳಿಕೊಂಡು ಬಂದರು.

ಇದಕ್ಕಿಂತ ನನ್ನನ್ನು ಹೆಚ್ಚು ಚುಚ್ಚಿದ್ದು ಸೊಸೆಯ ಮಾತು. ಒಂದು ಭಾನುವಾರ ಬೆಳಿಗ್ಗೆ ನಾನು ಗೂಡು ನೋಡುತ್ತಾ ಕೂತಿದ್ದಾಗ ಅವಳು ಕೆಳಗೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ನಾನು ಕೇಳದೆಯೇ ಹೇಳಿದಳು, "ನಂದು ಎರಡ ಸಲ ಹೋತ್ರಿ ಅಕ್ಕಾ. ಒಂದು ಮೂರು ತಿಂಗಳಿಂದು, ಒಂದು ಐದರದ್ದು. ಐದರದ್ದು ಗಂಡು ಇತ್ತಂತ." ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ, ಆಯಿ ಕೂಡ ಇಲ್ಲ, ಅದಕ್ಕೇ ನಿಮಗೆ ಹೇಳಿದೆ ಎಂದಳು. ನಾನು ಏನು ಮಾಡಿದೆ? ಗೂಡಿನ ಮೇಲಿನ ಕಣ್ಣು ಕೀಳದೆ, "ಆಗತಾವ ಬಿಡು," ಎಂದೆ. ಸ್ಟೂಲು ಇಳಿದು ಅವಳ ಹತ್ತಿರ ಕೂತು ನನ್ನದನ್ನೂ ಹೇಳಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಅವಳು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಬೇಸಿಗೆಯಲ್ಲಿ ದವಾಖಾನೆಯವರು ಎರಡನೆಯ ಸಲ ಸೂಜಿ ಶುರುಮಾಡಿದರು. ಮತ್ತೆ ಪೆನ್ನು, ಮತ್ತೆ ಐಸ್ ಪೆಟ್ಟಿಗೆ. ಆಯಿಗೆ ಹೊಸ ಸುಳ್ಳು ಹೇಳಿದೆ: ಶುಗರ್ ಮತ್ತೆ ಏರಿದೆ ಅಂತ. ಆ ಶನಿವಾರ ಸಂಜೆ ನಾನು ಚುಚ್ಚಿಕೊಳ್ಳುವಾಗ ಆಯಿ ಬರಲಿಲ್ಲ. "ನಂದು ಆಗಲೇ ಆತ್ರಿ," ಎಂದು ಅಡುಗೆ ಮನೆಯಿಂದಲೇ ಕೂಗಿದರು.

ಭಾನುವಾರ ಬೆಳಿಗ್ಗೆ ನಾನು ದೊಡ್ಡ ಗೂಡಿನಿಂದ ರಾಣಿಯನ್ನು ಚಿಮಟದಲ್ಲಿ ಹಿಡಿದು ತೆಗೆದೆ. ಒಂದು ಹನಿ ಜೇನು ಹಾಕಿದ ಡಬ್ಬಿಯಲ್ಲಿ ಅವಳನ್ನು ಇಟ್ಟು ಮೇಲೆ ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಹಳದಿ ಚುಕ್ಕೆಯವಳು ಎದ್ದಳು. ಅಲ್ಲಿಯವರೆಗೆ ನಾನು ಅವಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹತ್ತಿರ ಬಂದವರನ್ನೆಲ್ಲ ತಲೆಯಿಂದ ಗುದ್ದುತ್ತಾ, ಕಚ್ಚುತ್ತಾ, ಗೂಡಿನ ಈ ತುದಿಯಿಂದ ಆ ತುದಿಗೆ ಓಡಾಡಿದಳು. ಉಳಿದವರು ಮೈ ಮುದುಡಿ ಬಗ್ಗಿದರು. ನೋಡಬೇಕೆಂದು ತಿಂಗಳುಗಟ್ಟಲೆ ಕಾದದ್ದು ಅದೇ. ರಸದ ಸೀಸೆ ತರಿಸಬೇಕೆಂದು ಸೊಸೆಯನ್ನು ಕರೆದೆ. ಒಳಗಿನಿಂದ ಅವಳ ಗಾಬರಿಯ ದನಿ ಕೇಳಿತು.

"ಆಯಿ, ಮತ್ತ ವಾಂತಿ ಆತೇನು? ಮುಂಜಾನೆ ಸೂಜಿ ತಗೊಂಡೀರಿಲ್ಲೋ?"

"ತಗೊಂಡೀನೇಳ."

"ಎಲ್ಲೀದು? ನಿಮ್ಮ ಪೆನ್ನ ಮುಗದು ಇಲ್ಲೇ ಬಿದ್ದೈತಲ್ಲ?"

ಆಮೇಲೆ ಆಯಿಯ ಸಣ್ಣ ದನಿ: "ಬಾಯಾರ ಪೆಟಗ್ಯಾಂದು ತಗೊಂಡ್ನಿ."

ನನ್ನ ಮನಸ್ಸಿಗೆ ಮೊದಲು ಬಂದದ್ದು ಆಯಿ ಅಲ್ಲ, ಈಗ ಇವರಿಗೆಲ್ಲ ಗೊತ್ತಾಗುತ್ತದೆ ಎಂಬ ಮಾತು. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಒಳಗೆ ಓಡಿದೆ. ಆಯಿ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ತುಟಿ ಒಣಗಿತ್ತು, ಬಾಜು ಎರಡು ತಂಬಿಗೆ ನೀರು ಖಾಲಿಯಾಗಿದ್ದವು. ಎರಡು ದಿನದಿಂದ ಇನ್ಸುಲಿನ್ ಇರಲಿಲ್ಲವಂತೆ.

"ನಂದು ಬ್ಯಾರೆ ನಮೂನಿ ಔಷಧ ಐತ್ರಿ," ಎಂದೆ. "ನಿಮಗ ಹತ್ತೂದಿಲ್ಲ. ದವಾಖಾನಿಗೆ ಹೋಗೂಣು, ಏಳ್ರಿ."

"ಬ್ಯಾರೆ ಅಂದ್ರ? ಅದರಿಂದ ಏನರ ಆಗತೈತೇನ್ರಿ ಅಕ್ಕಾ?" ಸೊಸೆ ರಿಕ್ಷಾದಲ್ಲಿ ಮತ್ತೆ ಮತ್ತೆ ಕೇಳಿದಳು.

"ಡಾಕ್ಟ್ರು ಹೇಳ್ತಾರ," ಎಂದೆ. ನನಗೆ ಗೊತ್ತಿತ್ತು. ಆ ಹಾರ್ಮೋನು ಎಪ್ಪತ್ತರ ಹೆಂಗಸಿಗೆ ಕೆಡುಕು ಮಾಡುವುದಿಲ್ಲ ಎಂದು ಅವಳಿಗೆ ಅಷ್ಟಾದರೂ ಧೈರ್ಯ ಹೇಳಬಹುದಿತ್ತು. ಹೇಳಿದರೆ ಯಾವ ಹಾರ್ಮೋನು ಎಂದು ಕೇಳುತ್ತಾಳೆ. ಪೇಟೆಯವರೆಗೆ ಅವಳು ಆಯಿಯ ಕೈ ಹಿಡಿದು ಅಳುತ್ತಾ ಬಂದಳು.

ಪೇಟೆಯ ಸಣ್ಣ ದವಾಖಾನೆ. ಭಾನುವಾರವಾದರೂ ಬೆಂಚು ತುಂಬಿತ್ತು. ಒಳಗಿನ ಕೋಣೆಗೂ ಹೊರಗಿನ ಬೆಂಚಿಗೂ ನಡುವೆ ಒಂದು ಪರದೆ ಅಷ್ಟೆ. ಡಾಕ್ಟರು ಚಿಕ್ಕ ವಯಸ್ಸಿನವರು. ಆಯಿಯ ಬೆರಳು ಚುಚ್ಚಿ ಸಕ್ಕರೆ ನೋಡಿ ಹುಬ್ಬು ಏರಿಸಿದರು.

"ಯಾವ ಇನ್ಸುಲಿನ್ ತಗೊಂಡಾರ?"

ಸೊಸೆ ಚೀಲದಿಂದ ನನ್ನ ಪೆನ್ನು ತೆಗೆದುಕೊಟ್ಟಳು. ಅವಳು ಅದನ್ನು ತಂದಿದ್ದು ನನಗೆ ಗೊತ್ತಿರಲಿಲ್ಲ. ಡಾಕ್ಟರು ಮೇಲಿನ ಚೀಟಿ ಓದಿದರು, ತಿರುಗಿಸಿ ಮತ್ತೆ ಓದಿದರು.

"ಇದು ಇನ್ಸುಲಿನ್ ಅಲ್ರಿ. ಇದು ಮಕ್ಕಳಾಗಾಕ ತಗೊಳ್ಳೂ ಸೂಜಿ. ಯಾರದಿದು?"

ಪರದೆಯ ಆಚೆ ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸಿದರು. ಮಲಗಿದ್ದ ಆಯಿ ಕಣ್ಣು ತೆರೆದರು.

"ಏನಂದ್ರಿ ಡಾಕ್ಟ್ರ? ನನಗಿನ್ನ ಮಕ್ಕಳಾಗತಾವೇನು?"

ಹೊರಗೆ ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಡಾಕ್ಟರೂ ನಕ್ಕರು. ಯಾರೂ ಕೆಟ್ಟ ಮನಸ್ಸಿನಿಂದ ನಗಲಿಲ್ಲ. ಆಯಿಗೆ ಮಾತಾಡುವಷ್ಟು ಚೈತನ್ಯ ಇದೆಯಲ್ಲ ಎಂದು ನನಗೂ ಸಮಾಧಾನವಾಗಬೇಕಿತ್ತು. "ನಂದ್ರೀ," ಎಂದೆ. ಡಾಕ್ಟರು ಮತ್ತೆ ಕೇಳಿದ್ದಕ್ಕೆ ಎರಡನೆಯ ಸಲ ಹೇಳಬೇಕಾಯಿತು, ಈ ಸಲ ಪರದೆಯ ಆಚೆಗೂ ಕೇಳುವ ಹಾಗೆ.

ನಗು ನಿಂತಿತು. ಸೊಸೆ ನನ್ನ ಕಡೆ ತಿರುಗಿ ನೋಡಿ ಆಯಿಯ ಕಾಲು ಒತ್ತತೊಡಗಿದಳು.

ಡಾಕ್ಟರು ಇನ್ಸುಲಿನ್ ಕೊಟ್ಟು ಸಲಾಯಿನ್ ಹಚ್ಚಿದರು. ನನ್ನ ಸೂಜಿಯಿಂದ ಆಯಿಗೆ ಏನೂ ಆಗಿಲ್ಲ, ತಮ್ಮದು ಇಲ್ಲದ್ದರಿಂದ ಸಕ್ಕರೆ ಏರಿದೆ, ಸಂಜೆಗೆ ಮನೆಗೆ ಹೋಗಬಹುದು ಎಂದರು. ನಾನು ಹೊರಗೆ ಹೋಗಿ ನಮ್ಮವರಿಗೆ ಫೋನು ಮಾಡಿದೆ. ಇನ್ನೊಬ್ಬರು ಚುಚ್ಚಿಕೊಂಡ ಪೆನ್ನನ್ನು ಮತ್ತೆ ಬಳಸುವಂತಿಲ್ಲ, ಸಂಜೆಯೊಳಗೆ ಹೊಸದು ಬೇಕು. ನಡೆದದ್ದನ್ನು ಕೇಳಿ ಅವರು, "ಎಲ್ಲಾರ ಮುಂದ ಗೊತ್ತಾತೇನು?" ಎಂದಷ್ಟೇ ಕೇಳಿದರು. ಆ ಪ್ರಶ್ನೆಯಲ್ಲಿ ಅವರ ನಾಚಿಕೆಯೂ ಇತ್ತು. ಅಲ್ಲಿಯವರೆಗೆ ಅದು ನನ್ನೊಬ್ಬಳದೇ ಎಂದುಕೊಂಡಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಮನೆ ಮುಟ್ಟಿದೆವು. ನೇರ ಪಡಸಾಲೆಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದು ರಾಣಿಯನ್ನು ಗೂಡಿಗೆ ಬಿಟ್ಟೆ. ರಸ ಹಚ್ಚಿ ನೋಡುವ ಹೊತ್ತು ಮೀರಿತ್ತು. ಅವಳು ಯಾರ ಜೊತೆಗೂ ಜಗಳಕ್ಕೆ ಹೋಗಲಿಲ್ಲ. ಮೀಸೆ ಅಲ್ಲಾಡಿಸುತ್ತಾ ಹತ್ತಿದಳು, ಹೊಟ್ಟೆಯ ತುದಿಯನ್ನು ಗೂಡಿಗೆ ಒರೆಸುತ್ತಾ ಒಂದು ಸುತ್ತು ಬಂದಳು. ಹಳದಿ ಚುಕ್ಕೆಯವಳ ಆರ್ಭಟ ಮೆಲ್ಲಗೆ ಇಳಿಯಿತು. ನಾನು ಅದನ್ನೂ ಸರಿಯಾಗಿ ನೋಡಲಿಲ್ಲ. ಕಣ್ಣು ಮಂಜಾಗಿತ್ತು.

ಹಿಂದೆ ಕುರ್ಚಿ ಎಳೆದ ಸಪ್ಪಳ. ಆಯಿ ಬಂದು ಕೂತಿದ್ದರು.

"ತಪ್ಪಾತ್ರಿ ಬಾಯಾರ," ಎಂದರು. "ಕೇಳದ ತಗೊಂಡ್ನಿ. ಮಂದಿ ಮನಿ ಉಪ್ಪು ಸೈತ ಕೇಳದ ಮುಟ್ಟಿದಾಕಿ ಅಲ್ಲ ನಾ."

"ಮಗನಿಗೆ ತಾ ಅನ್ನಬೇಕಿತ್ತಲ್ರಿ ಆಯಿ."

"ಎರಡ ಸಲ ಹೇಳಿದ್ನಿ, ಮರತ. ನಿನ್ನೆ ನಂದಗಡದ ಸಂತಿಗೆ ಹೋಗಿದ್ದ, ದಣದು ಬಂದಿದ್ದ. ಮೂರನೇ ಸಲ ಕೇಳಾಕ ಬಾಯಿ ಬರಲಿಲ್ರಿ. ನಮ್ಮ ಮನಿಯವರು ಇದ್ದಾಗ ನಾ ಕೇಳೂದ ಬೇಕಾಗತಿದ್ದಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡರು. "ನಿಮ್ಮ ಸೂಜಿ ಹಾಳಾತಲ್ಲ. ದೇವರು ಕೊಡೂದನ್ನ ನಾ ನಡಕ ಬಂದು ತಿಂದಂಗಾತು."

ಹಾಗೇನೂ ಇಲ್ಲ, ಹೊಸದು ಬರುತ್ತಿದೆ ಎಂದೆ. ಅವರು ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಏನೋ ನೆನಪಾಗಿ ನನ್ನ ಮುಖ ನೋಡಿದರು.

"ಅಲ್ರಿ, ಹಂಗಾರ ನಿಮಗ ಸಕ್ರಿ ಬ್ಯಾನಿ ಇಲ್ಲಾ?"

"ಇಲ್ರಿ."

"ಅಷ್ಟು ದಿನ ಆ ಹಾಗಲಕಾಯಿ ಹೆಂಗ ಕುಡದ್ರಿ ನೀವು!"

ಅವರಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ, ನಗುತ್ತಲೇ ಅತ್ತೆ.

ಸೊಸೆ ನಗಲಿಲ್ಲ. ಚಹಾ ತಂದು ಇಟ್ಟವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. "ನಾ ನಿಮಗ ಎಲ್ಲಾ ಹೇಳಿದ್ನಿ ಅಕ್ಕಾ," ಎಂದಳು. ಸಿಟ್ಟಿನಿಂದಲ್ಲ, ಮೆಲ್ಲಗೆ. ನನ್ನ ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಸೂಜಿಯ ಹೊತ್ತಿಗೆ ಸರಿಯಾಗಿ ನಮ್ಮವರು ಬೈಕಿನಲ್ಲಿ ಬಂದರು. ಹೊಸ ಪೆನ್ನು ಕೊಟ್ಟು ಅಂಗಳದಲ್ಲಿಯೇ ನಿಂತರು, ಒಳಗೆ ಬರ್ರಿ ಎಂದರೂ ಬರಲಿಲ್ಲ. ನಾನು ಮುಂದಿನ ಕೋಣೆಗೆ ಹೋದಾಗ ಆಯಿಯೂ ಹಿಂದೆಯೇ ಬಂದರು, ಕೈಯಲ್ಲಿ ಮಗ ಓಡಿಹೋಗಿ ತಂದ ಹೊಸ ಇನ್ಸುಲಿನ್. ಮಂಚದ ಮೇಲೆ ಬಾಜು ಕೂತರು. ಇಬ್ಬರೂ ಚುಚ್ಚಿಕೊಂಡೆವು.

ಆ ಸಲವೂ ಆಗಲಿಲ್ಲ. ಒಂದು ದಿನದ ಎಡವಟ್ಟಿಗೂ ಅದಕ್ಕೂ ಸಂಬಂಧ ಇಲ್ಲ, ಮೊಟ್ಟೆಗಳೇ ಎರಡು ಮಾತ್ರ ಬಲಿತಿದ್ದವು ಎಂದು ಬೆಳಗಾವಿಯ ಡಾಕ್ಟರು ಹೇಳಿದರು. ಆಮೇಲೆ ನಾವು ದವಾಖಾನೆಗೆ ಹೋಗುವುದನ್ನು ಬಿಟ್ಟೆವು. ಕೂತು ನಿರ್ಧಾರ ಮಾಡಿ ಬಿಟ್ಟದ್ದಲ್ಲ. ಮುಂದಿನ ತಾರೀಖು ಬಂತು, ಇಬ್ಬರೂ ಅದರ ಮಾತೆತ್ತಲಿಲ್ಲ. ಕಣಜದ ಕೆಲಸ ಮಾತ್ರ ಮುಗಿಸಿದೆ. ಇನ್ನೊಂದು ಗೂಡಿನಲ್ಲಿ ಅದೇ ಪ್ರಯೋಗ ಮತ್ತೆ ಮಾಡಿದೆ. ರಸ ಹಚ್ಚಿದಾಗ ಮೇಲೆದ್ದವಳು ನಿಜಕ್ಕೂ ತಣ್ಣಗಾದಳು.

ಅದಕ್ಕಾಗಿ ಖಾನಾಪುರಕ್ಕೆ ಮತ್ತೆ ಹೋಗಲೇಬೇಕಾಗಿತ್ತು. ಮೊದಲ ಶನಿವಾರ ಸ್ಟೇಷನ್ನಿನಿಂದ ಮನೆಯವರೆಗೆ ತಲೆ ಎತ್ತದೆ ನಡೆದೆ. ಓಣಿಗೆಲ್ಲ ಸುದ್ದಿ ಮುಟ್ಟಿತ್ತು. ಆಯಿಗೆ ಮಕ್ಕಳಾಗುವ ಸೂಜಿಯ ಕತೆಯನ್ನು ಆಯಿಯೇ ಎಲ್ಲರಿಗೂ ಹೇಳಿ ನಗಿಸಿದ್ದರು. ನನ್ನ ಭಾಗವನ್ನು ಎಷ್ಟು ಹೇಳಿದ್ದರೋ ನಾನು ಕೇಳಲಿಲ್ಲ. ಸೊಸೆ ಮೊದಲಿನಂತೆ ಅಕ್ಕಾ ಎನ್ನುತ್ತಿದ್ದಳು, ಆದರೆ ಪಡಸಾಲೆಯಲ್ಲಿ ಸೊಪ್ಪು ಬಿಡಿಸಲು ಕೂರುತ್ತಿರಲಿಲ್ಲ. ಒಂದು ದಿನ ನಾನೇ ಸ್ಟೂಲು ಇಳಿದು ಅಡುಗೆ ಮನೆಗೆ ಹೋಗಿ ಅವಳ ಎದುರು ಕೂತು, ಮೊದಲ ಸಲ ಆಗಲಿಲ್ಲ ಎಂದು ಗೊತ್ತಾದ ದಿನ ಏನಾಯಿತು ಎಂದು ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು. ಕೊನೆಗೆ ಒಂದು ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು.

ಅದೇ ದಿನಗಳಲ್ಲಿ ಓಣಿಯ ಹೆಂಗಸೊಬ್ಬಳು ಕಣಜ ನೋಡುವ ನೆಪದಲ್ಲಿ ಬಂದು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಬೆಳಗಾವಿಯ ಆ ದವಾಖಾನೆ ಎಲ್ಲಿದೆ ಎಂದು ಕೇಳಿದಳು. ಮಗಳಿಗೆ ಮದುವೆಯಾಗಿ ವರ್ಷಗಳಾದವಂತೆ. ಅತ್ತೆಯ ಮನೆಯಲ್ಲಿ ಗೊತ್ತಾಗುವಂತಿಲ್ಲ. ನನಗೆ ಫೋನ್ ಮಾಡಾಕ ಹೇಳ್ರಿ ಎಂದೆ.

ಆ ಮಗಳು ಈಗಲೂ ಆಗಾಗ ಫೋನು ಮಾಡುತ್ತಾಳೆ. ಹೆದರಿಕೆಯಾದಾಗ, ಸೂಜಿ ಚುಚ್ಚಿದ ಜಾಗ ನೀಲಿಯಾದಾಗ, ಏನೂ ಇಲ್ಲದಿದ್ದಾಗಲೂ. ನಾನು ಅವಳಿಗೆ, ಇದರಾಗ ನಾಚಿಕಿ ಪಡೂದು ಏನೂ ಇಲ್ಲ ತಂಗಿ, ಎಂದು ಧೈರ್ಯ ಹೇಳುತ್ತೇನೆ. ಹಾಗೆ ಹೇಳುವುದಕ್ಕೆ, ನಮ್ಮ ಅತ್ತೆಗೆ ಕೇಳಿಸದಿರಲೆಂದು ಫೋನು ಹಿಡಿದು ಮಹಡಿ ಹತ್ತಿ, ಬಾಗಿಲು ಹಾಕಿಕೊಂಡಿರುತ್ತೇನೆ.